ಘಾಟಿ ಏರುವಾಗ ಟರ್ಬೊ ಗಾಡಿ ಎಳೆಯುತ್ತಿಲ್ಲ: ಗಾಳಿ ಪೈಪಿನ ಆಕಾರ ಬದಲಿಸಬೇಕಾ?

ಸಂಪಾಜೆ ತಿರುವು

ಎಲ್ಲರಿಗೂ ನಮಸ್ಕಾರ. ನನ್ನದು 1.5 ಲೀಟರ್ ಟರ್ಬೊ ಡೀಸೆಲ್ ಕಾರು. ಮನೆ ಮಡಿಕೇರಿ, ಕೆಲಸ ಸುಳ್ಯದಲ್ಲಿ. ಹಾಗಾಗಿ ಸಂಪಾಜೆ ಘಾಟಿ ಇಳಿಯುವುದು ಹತ್ತುವುದು ದಿನದ ಪಾಡು.

ಈಗ ಕೆಲವು ಕಾಲದಿಂದ ಒಂದು ತೊಂದರೆ ಕಾಣುತ್ತಿದೆ. ಕೊಯನಾಡು ದಾಟಿ ಜೋಡುಪಾಲದ ಏರು ಶುರುವಾದ ಮೇಲೆ ಮೂರನೇ ಗೇರಿನಲ್ಲಿ ಪೂರ್ತಿ ತುಳಿದರೂ ಗಾಡಿ ಎಳೆಯುವುದಿಲ್ಲ. 2,500 ಆರ್‌ಪಿಎಂ ತನಕ ಸರಿ ಇರುತ್ತದೆ. ಆಮೇಲೆ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ. ಮದೆನಾಡಿನ ಹತ್ತಿರ ಇನ್ನೂ ಜಾಸ್ತಿ. ಸುಳ್ಯ–ಪುತ್ತೂರು ರಸ್ತೆಯಲ್ಲಿ ಮಾತ್ರ ಏನೂ ಗೊತ್ತಾಗುವುದಿಲ್ಲ. ವಾರ್ನಿಂಗ್ ಲೈಟ್ ಬಂದಿಲ್ಲ.

ಆಕ್ಸೆಸರೀಸ್ ಅಂಗಡಿಯವರೊಬ್ಬರು ಹೇಳಿದ್ದು: ಕಂಪನಿ ಕೊಟ್ಟ ಗಾಳಿ ಮೂತಿ ಚಪ್ಪಟೆ, ಸಣ್ಣದು, ಅದನ್ನು ಬಿಸಾಡಿ. ಮೂರು ಇಂಚಿನ ಪೈಪ್ ಹಾಕಿ ತುದಿಗೆ ಓಪನ್ ಕೋನ್ ಫಿಲ್ಟರ್ (ಬಾಕ್ಸ್ ಇಲ್ಲದ ಫಿಲ್ಟರ್) ಕೂರಿಸಿ ಅಂತ. ಖರ್ಚು ಸಣ್ಣದಲ್ಲ. ಗಾಳಿ ಒಳಗೆ ಹೋಗುವ ದಾರಿಯ ಆಕಾರ ನಿಜವಾಗಿಯೂ ಇಷ್ಟು ವ್ಯತ್ಯಾಸ ಮಾಡುತ್ತದಾ? ಅದರಲ್ಲೂ ನಮ್ಮ ಎತ್ತರದಲ್ಲಿ? ತಿಳಿದವರು ಹೇಳಿ.

ಕುಶಾಲನಗರ ಸ್ಪ್ಯಾನರ್

ಅಣ್ಣ, ಅಂಗಡಿಗೆ ದುಡ್ಡು ಕೊಡಬೇಡಿ, ಸ್ವಲ್ಪ ತಡೆಯಿರಿ. ತಗ್ಗಿನಲ್ಲಿ ಚೆನ್ನಾಗಿ ಓಡಿ ಏರಿನಲ್ಲಿ ಉಸಿರು ಕಟ್ಟುವ ಗಾಡಿಗಳು ನನ್ನ ಗ್ಯಾರೇಜಿಗೆ ಆಗಾಗ ಬರುತ್ತವೆ. ಹೊಸ ಪೈಪ್ ಬೇಕಾಗುವುದು ಅಪರೂಪ. ಇರುವ ದಾರಿ ಎಲ್ಲೋ ಕಟ್ಟಿರುತ್ತದೆ.

ಮೊದಲು ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಆಮೇಲೆ ಫಿಲ್ಟರ್ ಬಾಕ್ಸಿನಿಂದ ಟರ್ಬೊಗೆ, ಅಂದರೆ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಚಕ್ರಕ್ಕೆ, ಹೋಗುವ ರಬ್ಬರ್ ಹೋಸನ್ನು ಕೈಯಲ್ಲಿ ಹಿಸುಕಿ ನೋಡಿ. ಇದು ಮುಖ್ಯ. ಟರ್ಬೊ ಆದಮೇಲಿನ ಪೈಪಿನಲ್ಲಿ ಒತ್ತಡ ಇರುತ್ತದೆ, ಅದು ಉಬ್ಬುತ್ತದೆ. ಟರ್ಬೊಗೆ ಮುಂಚಿನ ಹೋಸಿನಲ್ಲಿ ಎಳೆತ ಇರುತ್ತದೆ, ಅದು ಒಳಗೆ ಕುಸಿಯುತ್ತದೆ. ಎಣ್ಣೆ ಕುಡಿದು ಮೆತ್ತಗಾದ ಹೋಸ್ ಗ್ಯಾರೇಜಿನಲ್ಲಿ ಸುಮ್ನೆ ರೇಸ್ ಮಾಡಿದರೆ ನೆಟ್ಟಗೇ ಇರುತ್ತದೆ, ಯಾಕೆಂದರೆ ಲೋಡ್ ಇಲ್ಲ. ಘಾಟಿಯಲ್ಲಿ ಪೂರ್ತಿ ತುಳಿದಾಗ ತಿರುವಿನ ಹತ್ತಿರ ಚಪ್ಪಟೆಯಾಗುತ್ತದೆ. ನಿಲ್ಲಿಸಿ ಬಾನೆಟ್ ಎತ್ತುವಷ್ಟರಲ್ಲಿ ಮತ್ತೆ ಉರುಟಾಗಿರುತ್ತದೆ. ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಂಪನಿ ಹೋಸಿನ ಮೇಲೆ ಪಟ್ಟಿ ಪಟ್ಟಿಯಾಗಿ ಏಣು ಇರುವುದು ಕುಸಿಯದೆ ಇರಲಿ ಅಂತ. ತೆಳ್ಳಗಿನ ಬಣ್ಣದ ಸಿಲಿಕೋನ್ ಹೋಸನ್ನು ಆ ಜಾಗಕ್ಕೆ ಹಾಕಿಸಿಕೊಂಡು ಬರುವವರೂ ಇದ್ದಾರೆ. ಒಳಗೆ ತಂತಿ ಸುತ್ತಿಲ್ಲದ ಹೋಸ್ ಅಲ್ಲಿ ಬೇಡವೇ ಬೇಡ.

ಆಕಾರದ ಲೆಕ್ಕ ನಮ್ಮ ಮೇಷ್ಟ್ರು ಬಂದು ಹೇಳಲಿ.

ಪೊನ್ನಂಪೇಟೆ ಮೇಷ್ಟ್ರು

ಮೆಕ್ಯಾನಿಕಲ್ ಪಾಠ ಮಾಡುವವನು ನಾನು, ಈ ವಿಷಯ ನನಗೆ ಬಹಳ ಇಷ್ಟ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಮ್ಮ ಎತ್ತರದಿಂದ ಶುರು ಮಾಡೋಣ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಮಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್, ಮಡಿಕೇರಿಯಲ್ಲಿ ಸುಮಾರು 88. ಟರ್ಬೊ ಇಲ್ಲದ ಎಂಜಿನ್‌ಗೆ ಇದು ನೇರ ನಷ್ಟ. ಟರ್ಬೊ ಇದ್ದರೆ ಅದು ಜಾಸ್ತಿ ತಿರುಗಿ ಕೊರತೆ ತುಂಬಿಕೊಡುತ್ತದೆ. 1918ರಲ್ಲೇ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ ಅಮೆರಿಕದ ಪೈಕ್ಸ್ ಪೀಕ್ ಎಂಬ 4,300 ಮೀಟರ್ ಬೆಟ್ಟಕ್ಕೆ ವಿಮಾನದ ಲಿಬರ್ಟಿ ಎಂಜಿನ್ ಸಾಗಿಸಿ, ಅದಕ್ಕೆ ಟರ್ಬೊ ಕೂರಿಸಿ ಇದನ್ನೇ ತೋರಿಸಿಕೊಟ್ಟರು.

ಆದರೆ ಟರ್ಬೊ ಒತ್ತಡವನ್ನು ಕೂಡುವುದಿಲ್ಲ, ಗುಣಿಸುತ್ತದೆ. ನಿಮ್ಮ ಎಂಜಿನ್‌ಗೆ 200 ಕಿಲೋಪಾಸ್ಕಲ್ ಬೇಕು ಅಂದುಕೊಳ್ಳಿ. ಫಿಲ್ಟರ್, ಪೈಪ್ ಎಲ್ಲಾ ಸೇರಿ 2 ಕಿಲೋಪಾಸ್ಕಲ್ ತಿಂದರೆ ಮಂಗಳೂರಿನಲ್ಲಿ ಟರ್ಬೊ ಬಾಯಿಗೆ 99 ಸಿಗುತ್ತದೆ. ಅದು 2.02 ಪಟ್ಟು ಮಾಡಿದರೆ ಸಾಕು. ಮಡಿಕೇರಿಯಲ್ಲಿ ಬಾಯಿಗೆ ಸಿಗುವುದು 86, ಹಾಗಾಗಿ 2.33 ಪಟ್ಟು ಬೇಕು. ಈಗ ದಾರಿ ಕಟ್ಟಿಕೊಂಡು ನಷ್ಟ 6 ಕಿಲೋಪಾಸ್ಕಲ್ ಆಯಿತು ಅನ್ನಿ. ಮಂಗಳೂರಿನಲ್ಲಿ 2.11, ನಮ್ಮಲ್ಲಿ 2.44.

ಅಂಕಿ ನೋಡಿದರೆ ಚಿಕ್ಕದು ಅನಿಸಬಹುದು. ಆದರೆ ಕಾರಿನ ಸಣ್ಣ ಟರ್ಬೊ ಒಂದೂವರೆ ಎರಡು ಲಕ್ಷ ಆರ್‌ಪಿಎಂನಲ್ಲಿ ತಿರುಗುವ ವಸ್ತು. ಅದಕ್ಕೂ ವೇಗದ ಮಿತಿ ಇದೆ. ಪಟ್ಟು ಏರಿದ ಹಾಗೆ ವೇಗವೂ ಏರಬೇಕು, ಗಾಳಿಯ ಬಿಸಿಯೂ ಏರುತ್ತದೆ. 25 ಡಿಗ್ರಿ ಗಾಳಿ 2.02 ಪಟ್ಟಿಗೆ ಟರ್ಬೊದಿಂದ ಸುಮಾರು 120 ಡಿಗ್ರಿ ಆಗಿ ಹೊರಬಂದರೆ, 2.33 ಪಟ್ಟಿಗೆ 140 ಆಗುತ್ತದೆ. ಕಂಪ್ಯೂಟರ್ ಹೊರಗಿನ ಒತ್ತಡ ಅಳೆಯುತ್ತಾ ಇರುತ್ತದೆ. ಮಿತಿ ಹತ್ತಿರ ಬಂತು ಅನಿಸಿದರೆ ಬೂಸ್ಟ್ (ಟರ್ಬೊ ಕೊಡುವ ಹೆಚ್ಚಿನ ಒತ್ತಡ) ಇಳಿಸಿ ಡೀಸೆಲ್ ಕಡಿಮೆ ಮಾಡುತ್ತದೆ. ಆಗ ಯಾವ ವಾರ್ನಿಂಗ್ ಲೈಟೂ ಬರಬೇಕಾಗಿಲ್ಲ. ನಿಮ್ಮ ಜೋಡುಪಾಲದ ಅನುಭವಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ಅಂದರೆ ಟರ್ಬೊಗೆ ಮುಂಚೆ ಕಳೆದುಕೊಂಡ ಪ್ರತಿ ಕಿಲೋಪಾಸ್ಕಲ್ ಮಂಗಳೂರಿನವರಿಗಿಂತ ನಮಗೆ ದುಬಾರಿ. ನಮ್ಮ ಊರಲ್ಲಿ ಗಾಳಿಯ ದಾರಿಯ ಬಗ್ಗೆ ಯೋಚಿಸುವುದು ಖಂಡಿತ ಸರಿ.

ಈಗ ಆಕಾರ. ನಿಮ್ಮ ಎಂಜಿನ್ 4,000 ಆರ್‌ಪಿಎಂನಲ್ಲಿ ಪೂರ್ತಿ ಬೂಸ್ಟ್ ತೆಗೆದುಕೊಂಡಾಗ ಹೊರಗಿನಿಂದ ಸೆಕೆಂಡಿಗೆ ಸುಮಾರು 90 ಲೀಟರ್ ಗಾಳಿ ಎಳೆಯುತ್ತದೆ. 60 ಮಿ.ಮೀ. ಪೈಪಿನಲ್ಲಿ ಅದರ ವೇಗ ಸೆಕೆಂಡಿಗೆ 32 ಮೀಟರ್. 45 ಮಿ.ಮೀ. ಪೈಪಿನಲ್ಲಿ 57 ಮೀಟರ್. ವೇಗ ಎರಡು ಪಟ್ಟೂ ಆಗಲಿಲ್ಲ, ಆದರೆ ನಷ್ಟ ವೇಗದ ವರ್ಗದ ಹಾಗೆ ಏರುವುದರಿಂದ ಮೂರು ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಅಗಲ ಸ್ವಲ್ಪ ಕಡಿಮೆಯಾದರೂ ಪೆಟ್ಟು ಜೋರು. ಆದ್ದರಿಂದ ಇಡೀ ದಾರಿಯಲ್ಲಿ ಅತಿ ಕಿರಿದಾದ ಜಾಗ ಯಾವುದು ಅಂತ ಹುಡುಕಿ. ಉಳಿದ ಕಡೆ ಮೂರು ಇಂಚು ಮಾಡಿದರೂ ಆ ಒಂದು ಕತ್ತು ಕಿರಿದಾಗಿದ್ದರೆ ದೊಡ್ಡ ಪ್ರಯೋಜನ ಇಲ್ಲ.

ಎರಡನೆಯದು ಬಾಯಿಯ ಅಂಚು. ಪೈಪನ್ನು ಗರಗಸದಲ್ಲಿ ಕೊಯ್ದು ಹಾಗೇ ಬಿಟ್ಟರೆ ಗಾಳಿ ನೇರ ಮುಂದಿನಿಂದ ಮಾತ್ರ ಬರುವುದಿಲ್ಲ, ಪಕ್ಕದಿಂದ, ಹಿಂದಿನಿಂದಲೂ ಸುತ್ತಿ ಬರುತ್ತದೆ. ಮಡಿಕೇರಿ ದಸರಾ ರಾತ್ರಿ ಮಂಟಪ ನೋಡಲು ಕಿರಿದಾದ ಓಣಿಗೆ ಎರಡೂ ಕಡೆಯಿಂದ ಜನ ನುಗ್ಗಿದಾಗ, ಓಣಿಯ ಬಾಯಲ್ಲೇ ಎಲ್ಲರೂ ನಡುವಿಗೆ ಒತ್ತಿಕೊಂಡು ಗೋಡೆಯ ಪಕ್ಕ ಖಾಲಿ ಉಳಿಯುತ್ತದಲ್ಲ, ಹಾಗೆ. ಚೂಪು ಅಂಚು ದಾಟಿದ ಗಾಳಿ ಗೋಡೆ ಬಿಟ್ಟು ನಡುವಿಗೆ ಕುಗ್ಗುತ್ತದೆ. 60 ಮಿ.ಮೀ. ಪೈಪ್ ಇದ್ದರೂ ಗಾಳಿ ಬಳಸುವುದು ಅದಕ್ಕಿಂತ ಸಣ್ಣ ದಾರಿ. ಬರೀ ಕೊಯ್ದ ಪೈಪಿನ ತುದಿಯಲ್ಲಿ, ಗಾಳಿಯ ವೇಗಕ್ಕೆ ಸಂಬಂಧಿಸಿದ ಒತ್ತಡದ ಶೇಕಡಾ 80ರಿಂದ 100ರಷ್ಟು ನಷ್ಟ. ಗೋಡೆಗೆ ಸಮನಾಗಿ ಕೂತ ಚೂಪು ತೂತಿನಲ್ಲಿ ಶೇಕಡಾ 50. ಅಂಚನ್ನು ಕಹಳೆಯ ಬಾಯಿಯಂತೆ ಹೊರಕ್ಕೆ ಬಾಗಿಸಿದರೆ ಶೇಕಡಾ 5ರ ಆಸುಪಾಸು. ಇದಕ್ಕೆ ದೊಡ್ಡ ಕಹಳೆಯೇನೂ ಬೇಡ. ಪೈಪಿನ ವ್ಯಾಸದ ಆರನೇ ಒಂದು ಭಾಗದಷ್ಟು ಬಾಗು ಇದ್ದರೆ ಹೆಚ್ಚಿನ ಲಾಭ ಸಿಕ್ಕಿಬಿಡುತ್ತದೆ.

ನಿಮ್ಮ ಗಾಡಿಗೆ ಲೆಕ್ಕ ಹಾಕಿದರೆ 60 ಮಿ.ಮೀ. ಪೈಪಿನಲ್ಲಿ ಕೆಟ್ಟ ಬಾಯಿಗೂ ಒಳ್ಳೆ ಬಾಯಿಗೂ ವ್ಯತ್ಯಾಸ ಅರ್ಧ ಕಿಲೋಪಾಸ್ಕಲ್. 45 ಮಿ.ಮೀ.ನಲ್ಲಿ ಒಂದೂವರೆ. ಕೊಳೆ ತುಂಬಿದ ಫಿಲ್ಟರ್ ಒಂದೇ ಇದಕ್ಕಿಂತ ಜಾಸ್ತಿ ತಿನ್ನಬಲ್ಲದು. ಹಾಗಾಗಿ ನನ್ನ ಅಭಿಪ್ರಾಯ: ಆಕಾರ ಮುಖ್ಯವೇ, ಆದರೆ ಸರದಿಯಲ್ಲಿ ಮೊದಲನೆಯದಲ್ಲ.

ಇನ್ನೊಂದು ಮಾತು. ಫಿಲ್ಟರ್ ಬಾಕ್ಸ್ ಬಿಚ್ಚಿದಾಗ ಗಾಳಿ ಹೊರಹೋಗುವ ತೂತಿನ ಅಂಚಿಗೆ ಬೆರಳಾಡಿಸಿ ನೋಡಿ. ಬಹಳ ಗಾಡಿಗಳಲ್ಲಿ ಅದು ನಯವಾಗಿ ಉರುಟಾಗಿ ಬಾಗಿರುತ್ತದೆ. ಕಂಪನಿ ಎಂಜಿನಿಯರ್ ಆ ಕಹಳೆಯನ್ನು ಯಾರಿಗೂ ಕಾಣದ ಜಾಗದಲ್ಲಿ ಆಗಲೇ ಇಟ್ಟಿದ್ದಾನೆ.

ಗೋಣಿಕೊಪ್ಪ ರ‍್ಯಾಲಿ

ಮೇಷ್ಟ್ರೇ, ಲೆಕ್ಕ ಒಪ್ಪುತ್ತೇನೆ. ಆದರೆ ಆಕಾರವನ್ನು ಸಾಲಿನ ಹಿಂದಕ್ಕೆ ತಳ್ಳಿದ್ದು ನನಗೆ ಸರಿ ಕಾಣಲಿಲ್ಲ. ರ‍್ಯಾಲಿ ಲೋಕದಲ್ಲಿ ಗಾಳಿ ದಾರಿಯ ಕೆಲವೇ ಮಿಲಿಮೀಟರ್‌ಗೆ ಚಾಂಪಿಯನ್‌ಶಿಪ್ ಹೋಗಿದೆ.

ವಿಶ್ವ ರ‍್ಯಾಲಿಯಲ್ಲಿ ಟರ್ಬೊ ಬಾಯಿಗೆ ಒಂದು ರೆಸ್ಟ್ರಿಕ್ಟರ್ ಕಡ್ಡಾಯ. 1995ರಲ್ಲಿ ಅದರ ತೂತು 34 ಮಿ.ಮೀ. ಎಲ್ಲಾ ಗಾಳಿ ಅದರ ಮೂಲಕವೇ ಹೋಗಬೇಕು. ಆ ವರ್ಷ ಸ್ಪೇನಿನ ಕ್ಯಾಟಲೂನ್ಯಾ ರ‍್ಯಾಲಿಯಲ್ಲಿ ಟೊಯೊಟಾ ಸೆಲಿಕಾ ಕಾರುಗಳಲ್ಲಿ ಒಂದು ಕಳ್ಳದಾರಿ ಸಿಕ್ಕಿತು. ಹೋಸಿನ ಕ್ಲಾಂಪ್ ಬಿಗಿದಾಗ ಒಳಗಿದ್ದ ಸ್ಪ್ರಿಂಗ್ ವ್ಯವಸ್ಥೆ ರೆಸ್ಟ್ರಿಕ್ಟರನ್ನು ಟರ್ಬೊದಿಂದ ಸ್ವಲ್ಪ ದೂರ ಸರಿಸುತ್ತಿತ್ತು. ಆ ಸಂದಿಯಿಂದ ಹೆಚ್ಚಿನ ಗಾಳಿ ಒಳಗೆ. ಪರೀಕ್ಷೆಗೆ ಕ್ಲಾಂಪ್ ಬಿಚ್ಚಿದರೆ ಎಲ್ಲಾ ಮತ್ತೆ ತನ್ನ ಜಾಗಕ್ಕೆ. ತಂಡವನ್ನು ಹನ್ನೆರಡು ತಿಂಗಳು ಹೊರಗಿಟ್ಟರು.

34 ಮಿ.ಮೀ. ತೂತಿನಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಆಚೆ ಕಡೆ ಎಷ್ಟು ಎಳೆದರೂ ಒಂದು ಗ್ರಾಂ ಜಾಸ್ತಿ ಬರುವುದಿಲ್ಲ. ಆಗ ಕೈಯಲ್ಲಿ ಉಳಿಯುವುದು ಆಕಾರ ಮಾತ್ರ. ಮುಂದೆ ನಯವಾಗಿ ಕಿರಿದಾಗುವ ಬಾಯಿ, ಹಿಂದೆ ನಿಧಾನಕ್ಕೆ ಅಗಲವಾಗುವ ಕತ್ತು. ಆ ಹಿಂದಿನ ಭಾಗ ಸರಿ ಇದ್ದರೆ ಕಳೆದ ಒತ್ತಡದಲ್ಲಿ ಬಹುಪಾಲು ವಾಪಸ್ ಸಿಗುತ್ತದೆ.

ನಮ್ಮ ಜಿಲ್ಲೆಯ ತೋಟದ ರಸ್ತೆಗಳಲ್ಲಿ ರಾಷ್ಟ್ರೀಯ ರ‍್ಯಾಲಿ ನಡೆದಾಗ ಸರ್ವಿಸ್ ಪಾರ್ಕಿನಲ್ಲಿ ಗಂಟೆಗಟ್ಟಲೆ ನಿಂತು ನೋಡುವವನು ನಾನು. ಒಳ್ಳೆ ತಂಡದವರು ಪೈಪಿನ ಪ್ರತಿ ಕೂಡಿನ ಒಳಗೆ ಬೆರಳು ಹಾಕಿ ಮೆಟ್ಟಿಲು ಇದೆಯಾ ಅಂತ ಮುಟ್ಟಿ ನೋಡುತ್ತಾರೆ.

ಸಂಪಾಜೆ ಅಣ್ಣ, ನನ್ನ ಸಲಹೆ: ಬಂಪರ್ ಹಿಂದೆ, ಫಾಗ್ ಲ್ಯಾಂಪ್ ಪಕ್ಕದಿಂದ ತಣ್ಣನೆ ಗಾಳಿ ತರುವ ಪೈಪ್, ತುದಿಗೆ ಕಹಳೆ ಬಾಯಿ. ಗಾಡಿ ಓಡುವ ರಭಸಕ್ಕೆ ಗಾಳಿ ತಾನೇ ನುಗ್ಗುತ್ತದೆ.

ಪೊನ್ನಂಪೇಟೆ ಮೇಷ್ಟ್ರು

ಒಳ್ಳೆ ಉದಾಹರಣೆ ಕೊಟ್ಟಿರಿ. ಕಿರಿದಾಗುವಾಗ ಗಾಳಿಗೆ ಅವಸರ ಮಾಡಬಹುದು, ಅಗಲವಾಗುವಾಗ ಮಾಡಬಾರದು. ಅಗಲವಾಗುವ ಕೋನ ಒಟ್ಟು 7ರಿಂದ 10 ಡಿಗ್ರಿ ಮೀರಿದರೆ ಗಾಳಿ ಗೋಡೆ ಬಿಟ್ಟು ಸುಳಿಯಾಗುತ್ತದೆ. ಮೂರು ಇಂಚಿನ ಪೈಪನ್ನು ಎರಡು ಇಂಚಿನ ಟರ್ಬೊ ಬಾಯಿಗೆ ಜೋಡಿಸುವಾಗ ಇಳಿಜಾರು ಬೇಕು. ದಿಢೀರ್ ಮೆಟ್ಟಿಲು ಬಂದರೆ ಗೆದ್ದದ್ದೆಲ್ಲ ಅಲ್ಲೇ ಹೋಯಿತು.

ರಭಸದ ವಿಷಯಕ್ಕೆ ಮಾತ್ರ ಒಪ್ಪಲಾರೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿ ಎದುರು ಬಂದು ಬಡಿದರೂ ಸಿಗುವ ಒತ್ತಡ ಅರ್ಧ ಕಿಲೋಪಾಸ್ಕಲ್ಲಿಗಿಂತ ಕಡಿಮೆ. ಸಂಪಾಜೆ ತಿರುವುಗಳಲ್ಲಿ 40ರಲ್ಲಿ ಹತ್ತುವಾಗ ಅದರ ಆರನೇ ಒಂದು ಭಾಗ. ಅಂದರೆ ಇಲ್ಲ ಅಂತಲೇ ಲೆಕ್ಕ. ಬಾನೆಟ್ ಮೇಲಿನ ಮೂಗು ನೋಡಿ ಮೋಸ ಹೋಗಬೇಡಿ. ಸುಬಾರು ಡಬ್ಲ್ಯುಆರ್‌ಎಕ್ಸ್ ಆಗಲಿ, ಮೊದಲ ತಲೆಮಾರಿನ 3 ಲೀಟರ್ ಫಾರ್ಚೂನರ್ ಆಗಲಿ, ಆ ಮೂಗು ಇಂಟರ್‌ಕೂಲರ್ (ಟರ್ಬೊದಿಂದ ಬಂದ ಬಿಸಿ ಗಾಳಿಯನ್ನು ಆರಿಸುವ ಭಾಗ) ತಣಿಸಲು ಇರುವುದು. ಎಂಜಿನ್ ಕುಡಿಯುವ ಗಾಳಿ ಬೇರೆ ದಾರಿಯಿಂದ ಬರುತ್ತದೆ.

ತಣ್ಣನೆ ಗಾಳಿ ಬೇಕು ಅನ್ನುವುದು ಪೂರ್ತಿ ನಿಜ. ಓಪನ್ ಕೋನ್ ಫಿಲ್ಟರನ್ನು ಬಾನೆಟ್ ಒಳಗೆ ಬಿಟ್ಟರೆ ಘಾಟಿಯ ನಿಧಾನ ವೇಗದಲ್ಲಿ ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿಯನ್ನೇ ಅದು ಕುಡಿಯುತ್ತದೆ. ಹೊರಗೆ 25 ಡಿಗ್ರಿ, ಒಳಗೆ 55 ಅಂದುಕೊಂಡರೆ ಗಾಳಿಯ ಸಾಂದ್ರತೆ ಶೇಕಡಾ 9ರಷ್ಟು ಇಳಿಯುತ್ತದೆ. ಒಳಗೆ ಹೋಗುವಾಗ 30 ಡಿಗ್ರಿ ಜಾಸ್ತಿ ಇದ್ದ ಗಾಳಿ ಟರ್ಬೊದಿಂದ ಹೊರಬರುವಾಗ 40 ಡಿಗ್ರಿ ಜಾಸ್ತಿ ಇರುತ್ತದೆ. ಇಂಟರ್‌ಕೂಲರ್ ಸ್ವಲ್ಪ ಕಾಪಾಡುತ್ತದೆ, ಎಲ್ಲವನ್ನೂ ಅಲ್ಲ. ಕಂಪನಿ ಮೂತಿ ಚಪ್ಪಟೆಯಾಗಿದ್ದರೂ ರೇಡಿಯೇಟರಿನ ಮೇಲೆ ಕೂತು ಹೊರಗಿನ ಗಾಳಿ ತರುತ್ತದೆ. ಅದನ್ನು ಬಿಸಾಡಿ ಅಂದವರಿಗೆ ಈ ಲೆಕ್ಕ ಗೊತ್ತಿರಬೇಕಿತ್ತು.

ವಿರಾಜಪೇಟೆ ತ್ರೀ ಸಿಲಿಂಡರ್

ನಡುವೆ ಒಂದು ಪ್ರಶ್ನೆ. 1 ಲೀಟರ್ ಟರ್ಬೊ ಪೆಟ್ರೋಲ್‌ಗೂ ಇದೇ ಲೆಕ್ಕವಾ? ಮಾಕುಟ್ಟ ಘಾಟಿ ಜಾಸ್ತಿ ಓಡಿಸುತ್ತೇನೆ.

ಪೊನ್ನಂಪೇಟೆ ಮೇಷ್ಟ್ರು

ಹೌದು ತಮ್ಮ, ಒತ್ತಡದ ಲೆಕ್ಕ ಅದೇ. ಬಿಸಿಯ ಪೆಟ್ಟು ಪೆಟ್ರೋಲ್‌ಗೆ ಇನ್ನೂ ಜಾಸ್ತಿ. ಗಾಳಿ ಬಿಸಿಯಾದರೆ ನಾಕಿಂಗ್, ಅಂದರೆ ಪೆಟ್ರೋಲ್ ತನ್ನಷ್ಟಕ್ಕೇ ಸಿಡಿಯುವುದು, ಶುರುವಾಗುತ್ತದೆ. ಕಂಪ್ಯೂಟರ್ ಕಿಡಿಯನ್ನು ತಡ ಮಾಡಿ ಎಂಜಿನ್ ಉಳಿಸುತ್ತದೆ, ಪಿಕಪ್ ಹೋಗುತ್ತದೆ. ಕಂಪನಿ ಬಾಕ್ಸ್ ಬಿಡಬೇಡ.

ಸಿದ್ದಾಪುರ ತೋಟ

ಮೂತಿಯ ಆಕಾರ, ಅಂಚಿನ ಬಾಗು ಎಲ್ಲಾ ಸರಿ. ಅದರೊಳಗೆ ಏನಿದೆ ಅಂತ ನೋಡಿದ್ದೀರಾ?

ನಮ್ಮ ತೋಟದ ಗಾಡಿಯ ಗಾಳಿ ಮೂತಿಯಲ್ಲಿ ಸಿಲ್ವರ್ ಓಕ್ ಎಲೆ ಸಿಗದ ಬೇಸಿಗೆ ಇಲ್ಲ. ಒಣಗಿದ ಎಲೆ ಹಗುರ, ಮೂತಿಯ ಎಳೆತಕ್ಕೆ ಸುಲಭವಾಗಿ ಒಳಗೆ ಹೋಗುತ್ತದೆ. ಹೋಗಿ ಬಾಕ್ಸಿನ ತಳದಲ್ಲಿ ಫಿಲ್ಟರಿಗೆ ಅಂಟಿ ಕೂರುತ್ತದೆ. ಮೇಲಿನಿಂದ ನೋಡಿದರೆ ಫಿಲ್ಟರ್ ಬೆಳ್ಳಗೆ. ಎತ್ತಿ ತಿರುಗಿಸಿದರೆ ಅರ್ಧ ಮುಖ ಎಲೆಯಿಂದ ಮುಚ್ಚಿರುತ್ತದೆ. ಮಳೆಗಾಲ ಮುಗಿದ ಮೇಲೆ ಇಲಿ ಗೂಡು. ಬೆಚ್ಚಗಿರುವ ಜಾಗ, ಕಡಿಯಲು ಕಾಗದ, ಇನ್ನೇನು ಬೇಕು ಅದಕ್ಕೆ. ಕಾಫಿ ಕೊಯ್ಲಿನ ಸಮಯ, ಡಿಸೆಂಬರಿನಿಂದ ಫೆಬ್ರವರಿ ತನಕ, ಪಿಕಪ್ ಜೀಪುಗಳ ಹಿಂದೆ ಕೆಂಪು ಧೂಳು ಕುಡಿದ ಫಿಲ್ಟರ್ ಕಂಪನಿ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ತನಕ ಬಾಳುವುದಿಲ್ಲ.

ಎಲೆಗೆ ಅಂತ ಕೆಲವರು ಮೂತಿಗೆ ಸೊಳ್ಳೆ ಪರದೆಯ ಜಾಲರಿ ಕಟ್ಟುತ್ತಾರೆ. ದಯವಿಟ್ಟು ಬೇಡ. ತಂತಿಯೇ ಎಷ್ಟೋ ಜಾಗ ತಿನ್ನುತ್ತದೆ, ಅದರ ಮೇಲೆ ಒಂದು ಒದ್ದೆ ಎಲೆ ಕೂತರೆ ಬಾಯಿ ಪೂರಾ ಬಂದ್. ಬೆರಳು ತೂರುವಷ್ಟು ದೊಡ್ಡ ಕಣ್ಣಿನ ಜಾಲರಿ ಸಾಕು. ಅದನ್ನೂ ಬಾಯಿಯ ಕಿರಿದಾದ ಜಾಗದಲ್ಲಿ ಹಾಕದೆ ಹೊರಗಿನ ಅಗಲದ ಕಡೆ ಹಾಕಿ.

ಸೋಮವಾರಪೇಟೆಯಿಂದ

ರ‍್ಯಾಲಿ ಅಣ್ಣ, ಫಾಗ್ ಲ್ಯಾಂಪ್ ಪಕ್ಕ ಗಾಳಿ ಬಾಯಿ ಇಡುವ ಮಾತು ಕೊಡಗಿನಲ್ಲಿ ಆಡಬಾರದು ಅಂತ ನನ್ನ ಕೋರಿಕೆ. ರೇಸ್ ಟ್ರ್ಯಾಕಿಗೆ ಸರಿ ಇರಬಹುದು.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಶಾಂತಳ್ಳಿ ಕಡೆ, ಭಾಗಮಂಡಲದಲ್ಲಿ, ಕರಡಿಗೋಡು ನದಿದಂಡೆಯಲ್ಲಿ ರಸ್ತೆ ಮೇಲೆ ನೀರು ನಿಲ್ಲುವುದು ಹೊಸದಲ್ಲ. ಗಾಡಿ ನೀರಿಗೆ ಇಳಿದಾಗ ಮುಂದೆ ಅಲೆ ಏಳುತ್ತದೆ, ನಿಂತ ನೀರಿಗಿಂತ ಬಂಪರ್ ಹತ್ತಿರದ ನೀರು ಎತ್ತರ. ತಗ್ಗಿನಲ್ಲಿ ಇಟ್ಟ ಬಾಯಿ ನೇರ ನೀರು ಎಳೆಯುತ್ತದೆ. ಅದು ಕಹಳೆಯಂತೆ ನಯವಾಗಿದ್ದರೆ ಇನ್ನೂ ಸಲೀಸಾಗಿ ಎಳೆಯುತ್ತದೆ. ಸಿಲಿಂಡರಿಗೆ ನೀರು ಹೋದರೆ ಪಿಸ್ಟನ್ ಅದನ್ನು ಒತ್ತಿ ಕುಗ್ಗಿಸಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲಿನ ಜಾಗ ಬಹಳ ಕಡಿಮೆ, ಸ್ವಲ್ಪ ನೀರೇ ಸಾಕು.

ನಮ್ಮ ಬೀದಿಯಲ್ಲೇ ಹೀಗೆ ಒಂದು ಗಾಡಿ ಹೋಯಿತು. ನೀರಿನ ನಡುವೆ ಆಫ್ ಆದಾಗ ಸುಮ್ಮನಿದ್ದರೆ ಎಂಜಿನ್ ಉಳಿಯುವ ಸಾಧ್ಯತೆ ಇತ್ತು. ಮತ್ತೆ ಮತ್ತೆ ಸೆಲ್ಫ್ ಹೊಡೆದರು. ಎಂಜಿನ್ ಬಿಚ್ಚಿದಾಗ ಒಂದು ರಾಡ್ ಬಾಗಿತ್ತು. ನೀರಿನಲ್ಲಿ ಆಫ್ ಆದರೆ ಸ್ಟಾರ್ಟ್ ಮಾಡಬೇಡಿ. ತಳ್ಳಿಸಿ ಹೊರಗೆ ತನ್ನಿ, ಫಿಲ್ಟರ್ ಮುಟ್ಟಿ ನೋಡಿ. ಒದ್ದೆ ಇದ್ದರೆ ಟೋ ಮಾಡಿಸಿ. ಇಂಟರ್‌ಕೂಲರಿನ ತಳದಲ್ಲೂ ನೀರು ನಿಂತಿರಬಹುದು ಅಂತ ಮೆಕ್ಯಾನಿಕ್‌ಗೆ ನೆನಪಿಸಿ.

ಕಂಪನಿ ಮೂತಿ ಮೊದಲು ಮೇಲೆ ಹತ್ತಿ ಆಮೇಲೆ ಕೆಳಗೆ ಇಳಿಯುತ್ತದೆ. ಗಾಳಿಗೆ ಅದು ಸುತ್ತು ದಾರಿ ಅನ್ನುವುದು ನಿಜ. ಆ ಸುತ್ತಿನಲ್ಲಿ ಮಳೆ ಹನಿ ತಿರುಗಲಾರದೆ ಗೋಡೆಗೆ ಬಡಿದು ಬಾಕ್ಸಿನ ತಳದ ತೂತಿನಿಂದ ಹೊರಹೋಗುತ್ತದೆ. ನಾಲ್ಕು ತಿಂಗಳು ಮಳೆ ಸುರಿಯುವ ಊರಲ್ಲಿ ನನಗೆ ಆ ಸುತ್ತು ಬೇಕು.

ಗೋಣಿಕೊಪ್ಪ ರ‍್ಯಾಲಿ

ಅಕ್ಕ, ದಿನ ಓಡಿಸುವ ಗಾಡಿಗೆ ನಿಮ್ಮ ಮಾತೇ ಸರಿ. ಬಂಪರ್ ಕೆಳಗಿನ ಬಾಯಿ ಬೇಡ. ಆದರೆ ಕಹಳೆ ಅಂಚು, ಮೆಟ್ಟಿಲಿಲ್ಲದ ಕೂಡು, ಇವನ್ನು ನಾನು ಬಿಡುವುದಿಲ್ಲ!

ಕಕ್ಕಬ್ಬೆ ಜೀಪು

ಸ್ನಾರ್ಕೆಲ್, ಅಂದರೆ ಗಾಡಿಯ ಮಾಡಿನ ಎತ್ತರದಿಂದ ಗಾಳಿ ತರುವ ಪೈಪ್, ಅದರ ಬಗ್ಗೆ ಯಾರೂ ಹೇಳಲಿಲ್ಲ. ನಾನು ಟರ್ಬೊ ಡೀಸೆಲ್ ಜೀಪಿಗೆ ಹಾಕಿಸಿದ್ದೇನೆ. ನೀರಿಗಿಂತ ಧೂಳಿಗೆ ಜಾಸ್ತಿ ಉಪಯೋಗ ಆಗಿದೆ. ಮುಂದೆ ಜೀಪುಗಳು ಸಾಲಾಗಿ ಹೋಗುವಾಗ ಬಾನೆಟ್ ಎತ್ತರದಲ್ಲಿ ಧೂಳು ದಟ್ಟ, ಮಾಡಿನ ಎತ್ತರದಲ್ಲಿ ಕಡಿಮೆ.

ಸ್ನಾರ್ಕೆಲ್ ತಲೆ ಮುಂದಕ್ಕೆ ಮುಖ ಮಾಡಿದ್ದರೆ ಜಡಿಮಳೆಯಲ್ಲಿ ನೀರು ಬಡಿಯುತ್ತದೆ. ಒಳ್ಳೆ ತಲೆಯಲ್ಲಿ ನೀರು ಹೊರಬೀಳಲು ಹಿಂದೆ, ಕೆಳಗೆ ಸೀಳು ಇರುತ್ತದೆ. ನಕಲಿ ಮಾಲಿನಲ್ಲಿ ಅದು ಇರುವುದಿಲ್ಲ, ಬರೀ ಗೆರೆ ಇರುತ್ತದೆ. ಕೊಳ್ಳುವಾಗ ಮೇಲಿನಿಂದ ನೀರು ಹೊಯ್ದು ನೋಡಿ. ಧೂಳಿನ ದಾರಿಯಲ್ಲಿ ತಲೆಯನ್ನು ಹಿಂದಕ್ಕೆ ತಿರುಗಿಸಿಕೊಳ್ಳುತ್ತೇನೆ.

ಟ್ರ್ಯಾಕ್ಟರ್ ಮೇಲೆ ಉರುಟು ಡಬ್ಬಿ ಇರುತ್ತದಲ್ಲ, ಪ್ರೀ ಕ್ಲೀನರ್, ಅದು ಗಾಳಿಯನ್ನು ಗಿರಗಿರ ತಿರುಗಿಸಿ ದಪ್ಪ ಧೂಳನ್ನು ಪಕ್ಕಕ್ಕೆ ಎಸೆಯುತ್ತದೆ. ಬಹಳ ಒಳ್ಳೆಯದು. ಆದರೆ ಗಾಳಿ ತಿರುಗಿಸಲು ಒತ್ತಡ ಖರ್ಚಾಗುತ್ತದೆ, ಪಿಕಪ್ ಸ್ವಲ್ಪ ಮಂದ ಆಗುತ್ತದೆ. ಕಾರಿಗೆ ಸ್ನಾರ್ಕೆಲ್ ಅಗತ್ಯ ಇಲ್ಲ. ಉದ್ದ ಪೈಪ್, ಎರಡು ಮೂರು ತಿರುವು, ಎಲ್ಲಾ ನಷ್ಟವೇ.

ಕುಶಾಲನಗರ ಸ್ಪ್ಯಾನರ್

ತಿರುವಿನ ಮಾತು ಬಂತು, ಒಂದು ಸೇರಿಸುತ್ತೇನೆ. ಟರ್ಬೊ ಬಾಯಿಗೆ ತಾಗಿಕೊಂಡೇ ಚೂಪಾದ ಎಲ್ಬೋ ಹಾಕಬೇಡಿ. ತಿರುವು ದಾಟಿದ ಗಾಳಿ ಹೊರಗಿನ ಗೋಡೆಗೆ ಒತ್ತಿಕೊಂಡು ಒಂದು ಪಕ್ಕಕ್ಕೆ ಜಾಸ್ತಿ ಬರುತ್ತದೆ. ಟರ್ಬೊ ಚಕ್ರದ ರೆಕ್ಕೆಗಳಿಗೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಗಾಳಿ ಸಿಕ್ಕಿ ಅದರ ಕೆಲಸ ಕೆಡುತ್ತದೆ. ಸ್ವಲ್ಪ ನೇರ ಪೈಪ್ ಬಿಟ್ಟು ಆಮೇಲೆ ಟರ್ಬೊ ಬರಬೇಕು.

ಏರ್ ಫ್ಲೋ ಸೆನ್ಸರಿಗೂ ಇದೇ ಮಾತು. ಅದು ಕೂತಿರುವ ಪೈಪಿನ ಅಗಲಕ್ಕೆ ತಕ್ಕಂತೆ ಗಾಳಿ ಲೆಕ್ಕ ಹಾಕುತ್ತದೆ. ಅಗಲ ಬದಲಾದರೆ ಸೆನ್ಸರ್ ಸುಳ್ಳು ಹೇಳುತ್ತದೆ, ಡೀಸೆಲ್ ತಪ್ಪಾಗುತ್ತದೆ. ಎಣ್ಣೆ ಹಚ್ಚುವ ಹತ್ತಿ ಫಿಲ್ಟರಿಗೆ ಎಣ್ಣೆ ಜಾಸ್ತಿ ಹಾಕಿದರೆ ಅದೂ ಆ ಸೆನ್ಸರ್ ತಂತಿಗೇ ಹೋಗಿ ಅಂಟುತ್ತದೆ.

ಪೊನ್ನಂಪೇಟೆ ಮೇಷ್ಟ್ರು

ಸಂಪಾಜೆಯವರೇ, ಊಹೆ ಸಾಕು, ಅಳೆದೇ ಬಿಡಿ. ದೊಡ್ಡ ಉಪಕರಣ ಬೇಡ. ಬಡಗಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ನಳಿಕೆ ಸಾಕು. ಹಲಗೆಯ ಮೇಲೆ ಅದನ್ನು ಯು ಆಕಾರದಲ್ಲಿ ಕಟ್ಟಿ, ಅರ್ಧ ತನಕ ಬಣ್ಣದ ನೀರು ತುಂಬಿ. ಒಂದು ತುದಿ ತೆರೆದಿರಲಿ. ಇನ್ನೊಂದು ತುದಿಯನ್ನು ಫಿಲ್ಟರಿಗೂ ಟರ್ಬೊಗೂ ನಡುವೆ, ಹೋಸಿನ ಗೋಡೆಗೆ ಸಮನಾಗಿ ಜೋಡಿಸಿ. ನಳಿಕೆಯ ತುದಿ ಒಳಗೆ ಚಾಚಿಕೊಂಡಿದ್ದರೆ ಅಳತೆ ತಪ್ಪುತ್ತದೆ. ಹಲಗೆಯ ಎರಡೂ ಕಾಲು ಒಂದು ಮೀಟರಿಗಿಂತ ಎತ್ತರ ಇರಲಿ, ಇಲ್ಲದಿದ್ದರೆ ನೀರನ್ನು ಎಂಜಿನ್ ಎಳೆದುಕೊಂಡೀತು. ನೋಡುವುದಕ್ಕೆ ಪಕ್ಕದಲ್ಲಿ ಒಬ್ಬರು ಕೂರಲಿ, ನೀವು ರಸ್ತೆ ನೋಡಿ.

ಎರಡು ಕಾಲಿನ ನೀರಿನ ನಡುವೆ ಸುಮಾರು 10 ಸೆಂ.ಮೀ. ವ್ಯತ್ಯಾಸ ಅಂದರೆ 1 ಕಿಲೋಪಾಸ್ಕಲ್. ದೊಡ್ಡ ಡೀಸೆಲ್ ಎಂಜಿನ್‌ಗಳಲ್ಲಿ 25 ಇಂಚು ನೀರು, ಅಂದರೆ 6 ಕಿಲೋಪಾಸ್ಕಲ್ ಮುಟ್ಟಿದರೆ ಫಿಲ್ಟರ್ ಬದಲಿಸಿ ಅನ್ನುವುದು ರೂಢಿ. ಅದೇ ಏರು, ಅದೇ ಗೇರು, ಅದೇ ಆರ್‌ಪಿಎಂ, ಪೂರ್ತಿ ತುಳಿತ. ಒಂದೊಂದೇ ಭಾಗ ಬದಲಿಸಿ ನೋಡಿ.

ಸಂಪಾಜೆ ತಿರುವು

ಎಲ್ಲರಿಗೂ ವಂದನೆ. ಮೇಷ್ಟ್ರು ಹೇಳಿದ ಹಾಗೆ ಹಲಗೆ ಕಟ್ಟಿ, ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೋಡುಪಾಲದಿಂದ ಮೇಲೆ ಅಳೆದೆವು.

ಗಾಡಿ ಇದ್ದ ಹಾಗೇ ಹತ್ತಿದಾಗ ನೀರಿನ ವ್ಯತ್ಯಾಸ ಒಂದು ಮೊಳಕ್ಕಿಂತ ಜಾಸ್ತಿ. ಫಿಲ್ಟರ್ ತೆಗೆದು ತಿರುಗಿಸಿದೆ. ತೋಟದವರು ಹೇಳಿದ್ದೇ ಸರಿ, ಕೆಳಮುಖದಲ್ಲಿ ಎಲೆ ಪದರ ಪದರವಾಗಿ ಅಂಟಿತ್ತು. ಹೊಸ ಫಿಲ್ಟರ್ ಹಾಕಿದ ಮೇಲೆ ವ್ಯತ್ಯಾಸ ಇಳಿದು ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಮಾತ್ರ ಉಳಿಯಿತು. ಇದೊಂದರಿಂದಲೇ ಮದೆನಾಡಿನ ಏರಿನಲ್ಲಿ ಗಾಡಿ ಬೇರೆ ಥರ ಎಳೆಯಿತು.

ಆಮೇಲೆ ಕಂಪನಿ ಮೂತಿ ಬಿಚ್ಚಿ ಬಾಕ್ಸ್ ಬಾಯಿ ತೆರೆದಿಟ್ಟು ನೋಡಿದೆವು. ಎರಡು ಬೆರಳು ಅಗಲದಷ್ಟು ಮಾತ್ರ ಇಳಿಯಿತು. ಅಂಗಡಿಯವರು ಬಿಸಾಡಿ ಅಂದ ಮೂತಿ ತಿನ್ನುತ್ತಿದ್ದದ್ದು ಅಷ್ಟೇ. ಅದನ್ನು ವಾಪಸ್ ಕೂರಿಸಿದ್ದೇನೆ.

ಇನ್ನೂ ಒಂದು ಅನುಮಾನ ಇದೆ. 3,000 ದಾಟಿದ ಮೇಲೆ ಟರ್ಬೊ ಹತ್ತಿರದ ಅಳತೆ ಒಮ್ಮೆಲೇ ಜಿಗಿಯುತ್ತದೆ. ಬಾಕ್ಸಿನ ಹತ್ತಿರ ಅಳೆದಾಗ ಹಾಗೆ ಜಿಗಿಯಲಿಲ್ಲ.

ಕುಶಾಲನಗರ ಸ್ಪ್ಯಾನರ್

ಹಾಗಾದರೆ ಹೋಸ್ ಕುಸಿಯುತ್ತಿದೆ ಅಣ್ಣ. ಬಾಕ್ಸಿನಿಂದ ಟರ್ಬೊ ತನಕ ನಡುವೆ ಬೇರೇನೂ ಇಲ್ಲ. ತಿರುವಿನ ಒಳಮಗ್ಗುಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಎಣ್ಣೆ ಕುಡಿದ ಜಾಗ ಮೆತ್ತಗೆ ಜಿಗುಟಾಗಿರುತ್ತದೆ. ಏಣಿರುವ ಕಂಪನಿ ಹೋಸನ್ನೇ ತರಿಸಿ. ಕ್ಲಾಂಪನ್ನೂ ಹೊಸದು ಹಾಕಿ, ಹಳೆಯದು ಸಡಿಲ ಇದ್ದರೆ ಫಿಲ್ಟರ್ ಆಗದ ಧೂಳು ನೇರ ಟರ್ಬೊ ರೆಕ್ಕೆಗೆ ಬಡಿಯುತ್ತದೆ. ಹೋಸ್ ಬಿಚ್ಚಿದಾಗ ಟರ್ಬೊ ಚಕ್ರದ ರೆಕ್ಕೆ ಅಂಚು ಸವೆದಿದೆಯಾ, ದಂಡದಲ್ಲಿ ಆಟ ಇದೆಯಾ ನೋಡಬೇಕು. ಒಳಗೆ ತೆಳ್ಳಗೆ ಎಣ್ಣೆ ಪಸೆ ಇದ್ದರೆ ಹೆದರಬೇಡಿ, ಎಂಜಿನ್ ಉಸಿರಿನ ಪೈಪಿನಿಂದ ಬಂದದ್ದು. ಹನಿ ಹನಿಯಾಗಿ ನಿಂತಿದ್ದರೆ ಫೋಟೋ ಹಾಕಿ.

ಸಂಪಾಜೆ ತಿರುವು

ಒತ್ತಿ ನೋಡಿದೆ. ಒಳಮಗ್ಗುಲು ಹೆಬ್ಬೆರಳಿಗೆ ಒಳಗೇ ಹೋಗುತ್ತದೆ. ಹೋಸ್ ಆರ್ಡರ್ ಮಾಡಿದೆ, ಮಳೆ ಹಿಡಿಯುವ ಮುಂಚೆ ಹಾಕಿಸಿಬಿಡುತ್ತೇನೆ. ಹಾಕಿದ ಮೇಲೆ ಅದೇ ಹಲಗೆಯಲ್ಲಿ ಮತ್ತೆ ಅಳೆದು ಇಲ್ಲಿ ಬರೆಯುತ್ತೇನೆ. ಹಲಗೆ ಬೇಕಾದವರು ಮಡಿಕೇರಿಗೆ ಬಂದರೆ ತೆಗೆದುಕೊಂಡು ಹೋಗಬಹುದು.

ವಿರಾಜಪೇಟೆ ತ್ರೀ ಸಿಲಿಂಡರ್

ನನಗೆ ಬೇಕು ಅಣ್ಣ. ಭಾನುವಾರ ಬರಲಾ? ಮಾಕುಟ್ಟ ಘಾಟಿಯಲ್ಲಿ ನನ್ನ ಗಾಡಿಯನ್ನೂ ಅಳೆಯುತ್ತೇನೆ.